ಸೀಟು ಮೊದಲಾ ಸೈನು ಮೊದಲಾ: ಅಮೆರಿಕದಲ್ಲಿ ಮಿಲಿಟರಿ ದುಡ್ಡಲ್ಲಿ ಡಾಕ್ಟರ್ ಆಗೋ ಲೆಕ್ಕಾಚಾರ

ಒಂದು ಭಾನುವಾರ ಬೆಳಿಗ್ಗೆ ಆಸ್ಟಿನ್‌ನಿಂದ ಅಕ್ಕ ಫೋನ್ ಮಾಡಿದ್ಲು, ಹಲೋನೂ ಇಲ್ಲ ಏನೂ ಇಲ್ಲ, "ಇವಳು ಮಿಲಿಟರಿ ಸೇರ್ತಾಳಂತೆ ಕಣೆ, ನೀನಾದ್ರೂ ಸ್ವಲ್ಪ ಬುದ್ಧಿ ಹೇಳು" ಅಂತ. ಇವಳು ಅಂದ್ರೆ ಅಕ್ಕನ ಮಗಳು, ಹೈಸ್ಕೂಲ್ ಕೊನೇ ವರ್ಷ, ಹಲ್ಲು ಬೀಳೋ ವಯಸ್ಸಿಂದ ಡಾಕ್ಟರ್ ಆಗ್ತೀನಿ ಅಂತಿರೋಳು. ಸ್ಕೂಲಿಗೆ ಬಂದಿದ್ದ ಒಬ್ಬ ರಿಕ್ರೂಟರ್ ಕೈಗೊಂದು ಬಣ್ಣದ ಕಾಗದ ಕೊಟ್ಟು ಹೋಗಿದಾನೆ, ಅದ್ರಲ್ಲಿ ಕಾಲೇಜ್ ಫ್ರೀ, ಮೆಡಿಕಲ್ ಸ್ಕೂಲ್ ಫ್ರೀ, ಮೇಲೆ ತಿಂಗಳಿಗೆ ಕೈಖರ್ಚಿಗೂ ದುಡ್ಡು ಅಂತಿದೆ. ಹಿಂದಿನಿಂದ ಭಾವನ ಧ್ವನಿ, "ನಮ್ಮ ಪುಣೆಯ ಮಿಲಿಟರಿ ಮೆಡಿಕಲ್ ಕಾಲೇಜು ಎಎಫ್‌ಎಂಸಿ ತರ ತಾನೆ, ಒಳ್ಳೇದೇ ಅಲ್ವಾ, ಸುಮ್ನೆ ಯಾಕೆ ಗಾಬರಿ ಮಾಡ್ತೀಯ".

ಅಕ್ಕ ನನಗೇ ಯಾಕೆ ಫೋನ್ ಮಾಡಿದ್ಲು ಅಂದ್ರೆ ನಾನಿರೋದು ಸ್ಯಾನ್ ಆಂಟೋನಿಯೋದಲ್ಲಿ, ಇದು ಪೂರ್ತಿ ಫೌಜಿ ಊರು. ಇಲ್ಲಿನ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ನಲ್ಲೇ ಇಡೀ ದೇಶದ ಆರ್ಮಿ ಮೆಡಿಕ್‌ಗಳ, ಅಂದ್ರೆ ಗಾಯಾಳುಗಳಿಗೆ ಪ್ರಥಮ ಚಿಕಿತ್ಸೆ ಕೊಡೋ ಸಿಪಾಯಿಗಳ, ಟ್ರೈನಿಂಗ್ ಆಗೋದು, ನೇವಿ ಏರ್ ಫೋರ್ಸ್‌ನ ಹುಡುಗರೂ ಇಲ್ಲೇ ಕಲೀತಾರೆ. ವೀಕೆಂಡ್ ಎಚ್‌ಇಬಿ ಸೂಪರ್‌ಮಾರ್ಕೆಟ್ಟಿಗೆ ತರಕಾರಿಗೆ ಹೋದ್ರೆ ಮುಂದೆ ಕ್ಯೂನಲ್ಲಿ ಹತ್ತೊಂಬತ್ತು ಇಪ್ಪತ್ತು ವರ್ಷದ ಮಕ್ಕಳು, ತಲೆ ನುಣ್ಣಗೆ ಬೋಳಿಸಿಕೊಂಡು, ಗಾಡಿ ತುಂಬ ನೂಡಲ್ಸು ಚಿಪ್ಸು. ಮಾತಾಡಿಸಿದ್ರೆ ಹತ್ತರಲ್ಲಿ ಮೂರು ಜನ ಆದ್ರೂ "ಆಮೇಲೆ ಮೆಡಿಕಲ್ ಸ್ಕೂಲಿಗೆ ಹೋಗ್ಬೇಕು ಮ್ಯಾಮ್" ಅಂತಾರೆ. ಎಷ್ಟು ಜನ ಹೋಗ್ತಾರೋ ದೇವರಿಗೇ ಗೊತ್ತು. ಹಾಗಾಗಿ ಈ ವಿಷಯ ವರ್ಷಗಟ್ಟಲೆಯಿಂದ ಕಿವಿಗೆ ಬೀಳ್ತಾನೇ ಇದೆ, ಅಕ್ಕನ ಮಗಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಯಾಕಂದ್ರೆ ಈಗೀಗ ನಮ್ಮ ಕನ್ನಡದವರ ಮನೆಗಳಲ್ಲೂ ಈ ಪ್ರಶ್ನೆ ಜಾಸ್ತಿ ಆಗ್ತಿದೆ.

ಜಾಸ್ತಿ ಆಗೋಕೆ ಕಾರಣ ಸಾಲ. ಇಷ್ಟು ದಿನ ಅಮೆರಿಕದಲ್ಲಿ ಮೆಡಿಕಲ್ ಸ್ಕೂಲ್ ಸೀಟ್ ಸಿಕ್ಕಿತು ಅಂದ್ರೆ ದುಡ್ಡಿನ ಚಿಂತೆ ಒಂಥರಾ ಮುಂದಕ್ಕೆ ಹೋಗ್ತಿತ್ತು, ಗ್ರ್ಯಾಡ್ ಪ್ಲಸ್ ಅಂತ ಸರ್ಕಾರದ್ದೇ ಒಂದು ಲೋನ್ ಇತ್ತು, ಕಾಲೇಜು ಹೇಳಿದ ಪೂರ್ತಿ ಖರ್ಚಿನಷ್ಟು ಸಾಲ ಕೊಡ್ತಿತ್ತು, ಬಡ್ಡಿ ನೂರಕ್ಕೆ ಒಂಬತ್ತರ ಹತ್ತಿರ ಇದ್ರೂ ಸಿಗ್ತಿತ್ತಲ್ಲ ಅನ್ನೋ ಧೈರ್ಯ. 2025ರ ಜುಲೈ 4ಕ್ಕೆ ಟ್ರಂಪ್ ಸೈನ್ ಹಾಕಿದ ದೊಡ್ಡ ಬಿಲ್ಲಲ್ಲಿ ಅದಕ್ಕೆ ಕತ್ತರಿ ಬಿತ್ತು. 2026ರ ಜುಲೈ 1ರಿಂದ ಹೊಸದಾಗಿ ಸಾಲ ತಗೊಳ್ಳೋರಿಗೆ ಗ್ರ್ಯಾಡ್ ಪ್ಲಸ್ ಇಲ್ಲ, ಮೆಡಿಕಲ್ ಥರದ ಪ್ರೊಫೆಷನಲ್ ಕೋರ್ಸಿಗೆ ವರ್ಷಕ್ಕೆ 50 ಸಾವಿರ ಡಾಲರ್, ಒಟ್ಟು 2 ಲಕ್ಷ ಡಾಲರ್, ಅಷ್ಟೇ ಸರ್ಕಾರಿ ಸಾಲ. ಅಪ್ಪ ಅಮ್ಮ ಮಗುವಿನ ಡಿಗ್ರಿಗೆ ಅಂತ ತಗೊಳ್ಳೋ ಪೇರೆಂಟ್ ಪ್ಲಸ್ ಸಾಲಕ್ಕೂ ಒಂದು ಮಗುವಿಗೆ 65 ಸಾವಿರ ಅಂತ ಮಿತಿ. ಖಾಸಗಿ ಮೆಡಿಕಲ್ ಸ್ಕೂಲಲ್ಲಿ ಊಟ ಬಾಡಿಗೆ ಎಲ್ಲ ಸೇರಿ ನಾಲ್ಕು ವರ್ಷಕ್ಕೆ ಮೂರೂವರೆ ನಾಲ್ಕು ಲಕ್ಷ ಡಾಲರ್ ಹತ್ತಿರ ಬರುತ್ತೆ. ಉಳಿದಿದ್ದು ಎಲ್ಲಿಂದ? ಪ್ರೈವೇಟ್ ಬ್ಯಾಂಕ್ ಸಾಲ, ಅದಕ್ಕೆ ಜೊತೆಗೆ ಸೈನ್ ಹಾಕಿ ಜಾಮೀನು ನಿಲ್ಲೋ ಕೋ-ಸೈನರ್ ಬೇಕು, ಕೋ-ಸೈನರ್ ಅಂದ್ರೆ ಭಾವ. ಅದಕ್ಕೇ ಭಾವನಿಗೆ ಎಎಫ್‌ಎಂಸಿ ನೆನಪಾಗಿದ್ದು ಅನ್ಸುತ್ತೆ.

ಕೆಲವು ಕಾಲೇಜು ಫೀಸೇ ತೆಗೆದುಬಿಟ್ಟಿವೆ ಅನ್ನೋದೂ ನಿಜ, ನ್ಯೂಯಾರ್ಕಿನ ಎನ್‌ವೈಯು 2018ರಲ್ಲಿ, ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜ್ 2024ರಲ್ಲಿ ಒಬ್ಬ ಅಜ್ಜಿ ಕೊಟ್ಟ ನೂರು ಕೋಟಿ ಡಾಲರ್ ದಾನದಿಂದ. ಆದ್ರೆ ಅಲ್ಲಿ ಸೀಟ್ ಸಿಗೋದು ತಿರುಪತೀಲಿ ಲಾಟರಿ ಹೊಡೆದ ಹಾಗೆ, ಅದನ್ನ ನಂಬಿಕೊಂಡು ಪ್ಲಾನ್ ಮಾಡೋಕಾಗಲ್ಲ.

ಈಗ ಭಾವನ ಮಾತಿಗೆ ಬರ್ತೀನಿ, ಎಡವಟ್ಟು ಇರೋದೇ ಅಲ್ಲಿ. ಎಎಫ್‌ಎಂಸಿ ನಮಗೆಲ್ಲ ಗೊತ್ತು, 1948ರಿಂದ ಪುಣೇಲಿದೆ, ಪಿಯುಸಿ ಮುಗಿಸಿ ನೀಟ್ ಬರೆದು, ಅವರ ಟೆಸ್ಟು ಇಂಟರ್‌ವ್ಯೂ ಮೆಡಿಕಲ್ ಎಲ್ಲ ಪಾಸಾದ್ರೆ ಎಂಬಿಬಿಎಸ್ ಸೀಟು ಕೈಗೆ ಬರುತ್ತೆ, ಬಾಂಡ್ ಬರ್ಕೊಟ್ಟು ಸೇರ್ತಾರೆ, ಮುಗಿಸಿ ಆರ್ಮಿ ಡಾಕ್ಟರ್ ಆಗ್ತಾರೆ. ಅಂದ್ರೆ ಬಾಂಡಿಗೆ ಸೈನ್ ಹಾಕೋ ಹೊತ್ತಿಗೆ ಸೀಟು ಅಲ್ಲೇ ಎದುರಿಗಿರುತ್ತೆ, ಏನು ಕೊಡ್ತಿದೀನಿ ಏನು ತಗೊಳ್ತಿದೀನಿ ಅನ್ನೋದು ಕಣ್ಣಿಗೆ ಕಾಣುತ್ತೆ. ಅಮೆರಿಕದಲ್ಲಿ ಹಾಗಲ್ಲ. ಇಲ್ಲಿ ಪಿಯುಸಿ ಆದ ತಕ್ಷಣ ಮೆಡಿಕಲ್ ಇಲ್ಲ, ಮೊದಲು ನಾಲ್ಕು ವರ್ಷ ಯಾವುದೋ ಡಿಗ್ರಿ, ಅದರ ಜೊತೆ ಪ್ರೀ-ಮೆಡ್ ಸಬ್ಜೆಕ್ಟುಗಳು, ಮೆಡಿಕಲ್ ಪ್ರವೇಶಕ್ಕೆ ಎಂಕ್ಯಾಟ್ ಪರೀಕ್ಷೆ, ಆಮೇಲೆ ಅರ್ಜಿ, ಸಿಕ್ಕಿದ್ರೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್, ಅದಾದ ಮೇಲೆ ಮೂರರಿಂದ ಏಳು ವರ್ಷ ರೆಸಿಡೆನ್ಸಿ, ಅಂದ್ರೆ ಆಸ್ಪತ್ರೇಲಿ ತಜ್ಞ ಡಾಕ್ಟರಾಗೋ ತರಬೇತಿ. ವರ್ಷಕ್ಕೆ ಸುಮಾರು 50 ಸಾವಿರ ಜನ ಅರ್ಜಿ ಹಾಕ್ತಾರೆ, ಒಳಗೆ ಹೋಗೋರು 23 ಸಾವಿರದ ಆಸುಪಾಸು, ಅರ್ಧಕ್ಕಿಂತ ಕಮ್ಮಿ. ಹದಿನೆಂಟು ವರ್ಷಕ್ಕೆ ಮಿಲಿಟರಿಗೆ ಸೈನ್ ಹಾಕೋ ಮಗುವಿನ ಕೈಲಿ ಮೆಡಿಕಲ್ ಸೀಟು ಇರಲ್ಲ, ಇರೋದು ಮೆಡಿಕಲ್ ಸೀಟಿನ ಆಸೆ. ರಿಕ್ರೂಟರ್ ಸುಳ್ಳು ಹೇಳಿದ ಅಂತ ನಾನು ಹೇಳ್ತಿಲ್ಲ, ಬಣ್ಣದ ಕಾಗದದಲ್ಲಿ ಇದ್ದಿದ್ದೆಲ್ಲ ನಿಜವೇ, ಆದ್ರೆ ಮೂರು ಬೇರೆ ಬೇರೆ ಸ್ಕೀಮುಗಳನ್ನ ಒಂದೇ ತಟ್ಟೇಲಿ ಬಡಿಸಿದ್ದ, ಯಾವುದು ಯಾವ ವಯಸ್ಸಿಗೆ ಅಂತ ಹೇಳಿರಲಿಲ್ಲ.

ಮೊದಲನೇದು ಸಿಪಾಯಿಯಾಗಿ ಸೇರೋದು. ಹೈಸ್ಕೂಲ್ ಮುಗಿದ ತಕ್ಷಣ ಸೇರಿ, ಮೂರು ನಾಲ್ಕು ವರ್ಷ ದುಡಿದು, ಹೊರಗೆ ಬಂದು ಜಿಐ ಬಿಲ್‌ನಲ್ಲಿ ಓದೋದು. ಎರಡನೇ ಮಹಾಯುದ್ಧದಿಂದ ವಾಪಸ್ ಬರೋ ಸೈನಿಕರಿಗೆ ಅಂತ 1944ರಲ್ಲಿ ಶುರುವಾದ ಹಳೇ ಸ್ಕೀಮು, ಈಗ ನಡೀತಿರೋ ರೂಪ 2009ರಿಂದ. ಮೂರು ವರ್ಷ ಆಕ್ಟಿವ್ ಡ್ಯೂಟಿ ಅಂದ್ರೆ ಪೂರ್ಣಾವಧಿ ಸೇವೆ ಮಾಡಿದ್ರೆ ಪೂರ್ತಿ ಸವಲತ್ತು, ಅಂದ್ರೆ ಸರ್ಕಾರಿ ಯೂನಿವರ್ಸಿಟೀಲಿ ಆ ರಾಜ್ಯದವರಿಗೆ ಇರೋ ಫೀಸು ಪೂರ್ತಿ, ಖಾಸಗಿ ಆದ್ರೆ ವರ್ಷಕ್ಕೆ 30 ಸಾವಿರ ಡಾಲರ್ ಆಸುಪಾಸಿನ ಮಿತಿ, ಜೊತೆಗೆ ಬಾಡಿಗೆಗೆ ತಿಂಗಳ ಭತ್ಯೆ, ಪುಸ್ತಕಕ್ಕೆ ವರ್ಷಕ್ಕೆ ಸಾವಿರ ಡಾಲರ್. ಕೇಳೋಕೆ ಬಹಳ ಚೆನ್ನಾಗಿದೆ, ಚೆನ್ನಾಗಿಯೂ ಇದೆ. ಆದ್ರೆ ಇದು 36 ತಿಂಗಳಿಗೆ ಮಾತ್ರ.

36 ತಿಂಗಳು ಅಂದ್ರೆ ಒಂಬತ್ತು ಒಂಬತ್ತು ತಿಂಗಳಿನ ನಾಲ್ಕು ವರ್ಷ, ಒಂದು ಡಿಗ್ರಿಗೆ ಸರಿಯಾಗಿ ಹೊಂದುತ್ತೆ. ಡಿಗ್ರಿಗೆ ಖರ್ಚು ಮಾಡಿದ್ರೆ ಮೆಡಿಕಲ್ ಸ್ಕೂಲ್ ಬಾಗಿಲಿಗೆ ಬರೋ ಹೊತ್ತಿಗೆ ಕೈ ಖಾಲಿ. ಡಾಕ್ಟರ್ ಆಗ್ಬೇಕು ಅಂತ ಸೇರಿದ ಹುಡುಗರು ಮುಗ್ಗರಿಸೋದು ಇಲ್ಲೇ, ಅಗ್ಗದ ಓದಿಗೆ ಜಿಐ ಬಿಲ್ ಸುರಿದುಬಿಟ್ಟು ದುಬಾರಿ ಓದಿಗೆ ಸಾಲ ಮಾಡ್ತಾರೆ. ಸರಿ, ಡಿಗ್ರಿ ಹೇಗೋ ಮಾಡ್ಕೊಂಡು ಮೆಡಿಕಲ್‌ಗೇ ಇಟ್ಕೊಂಡ್ರು ಅಂತಿಟ್ಕೊಳ್ಳಿ, ಅಲ್ಲೂ ಒಂದು ತೊಡಕು, ಮೆಡಿಕಲ್ ಸ್ಕೂಲಲ್ಲಿ ಮೂರನೇ ನಾಲ್ಕನೇ ವರ್ಷಕ್ಕೆ ಬೇಸಿಗೆ ರಜ ಅನ್ನೋದು ಹೆಸರಿಗೆ ಮಾತ್ರ, ಆಸ್ಪತ್ರೆ ರೊಟೇಷನ್ ವರ್ಷಪೂರ್ತಿ ನಡಿಯುತ್ತೆ, ತಿಂಗಳುಗಳು ಬೇಗ ಕರಗಿ ಕೊನೇ ವರ್ಷಕ್ಕೆ ಸಾಕಾಗಲ್ಲ. ನಮ್ಮ ಟೆಕ್ಸಾಸಲ್ಲಿ ಹೇಝಲ್‌ವುಡ್ ಅಂತ ರಾಜ್ಯದ್ದೇ ಒಂದು ಕಾನೂನಿದೆ, ಇಲ್ಲಿಂದ ಸೇರಿದ ಮಾಜಿ ಸೈನಿಕರಿಗೆ ಸರ್ಕಾರಿ ಕಾಲೇಜುಗಳಲ್ಲಿ 150 ಕ್ರೆಡಿಟ್ ಅವರ್‌ವರೆಗೆ ಫೀಸ್ ಮಾಫಿ, ಅದನ್ನೂ ಇದನ್ನೂ ಜೋಡಿಸಿ ದಾಟಿಸಿದೋರೂ ಇದಾರೆ. ಬೇರೆ ರಾಜ್ಯದೋರು ತಮ್ಮ ತಮ್ಮ ರಾಜ್ಯದ್ದು ನೋಡ್ಕೋಬೇಕು, ನ್ಯಾಷನಲ್ ಗಾರ್ಡ್ ಅನ್ನೋ ರಾಜ್ಯದ ಅರೆಕಾಲಿಕ ಸೈನ್ಯ ಸೇರಿದೋರಿಗೆ ಫೀಸ್ ಬಿಡೋ ರಾಜ್ಯಗಳು ಬಹಳ ಇವೆ, ತಿಂಗಳಿಗೊಂದು ವೀಕೆಂಡು ವರ್ಷಕ್ಕೆರಡು ವಾರದ ಡ್ಯೂಟಿ ಅಂತಾರೆ, ಆದ್ರೆ ಕರೆ ಬಂದ್ರೆ ಸೆಮಿಸ್ಟರ್ ಮಧ್ಯದಲ್ಲೇ ಎದ್ದು ಹೊರಡಬೇಕು ಅನ್ನೋದನ್ನ ಮರೀಬಾರದು.

ಸಿಪಾಯಿ ದಾರೀಲಿ ಒಂದು ಲಾಭ ಮಾತ್ರ ದುಡ್ಡಲ್ಲಿ ಅಳೆಯೋಕಾಗಲ್ಲ. ಇಲ್ಲಿ ಫೋರ್ಟ್ ಸ್ಯಾಮ್‌ನಲ್ಲಿ 16 ವಾರ ಟ್ರೈನಿಂಗ್ ಆದ ಮೆಡಿಕ್ ರಕ್ತ ನೋಡಿರ್ತಾನೆ, ಪೇಷಂಟ್ ಮುಟ್ಟಿರ್ತಾನೆ, ತುರ್ತು ಚಿಕಿತ್ಸೆ ಕೊಡೋ ಸರ್ಟಿಫೈಡ್ ಇಎಂಟಿ ಆಗಿರ್ತಾನೆ. ಅಪ್ಪನ ಫ್ರೆಂಡ್ ಕ್ಲಿನಿಕ್ಕಲ್ಲಿ ನಲವತ್ತು ಗಂಟೆ ಮೂಲೇಲಿ ನಿಂತು ಶ್ಯಾಡೋಯಿಂಗ್ ಅಂತ ಬರ್ಕೊಳ್ಳೋ ನಮ್ಮ ಮಕ್ಕಳ ಅರ್ಜಿ ಎಲ್ಲಿ, ಇವರ ಅರ್ಜಿ ಎಲ್ಲಿ. ಒಳಗಿರೋ ಸಿಪಾಯಿಗಳಲ್ಲಿ ಚುರುಕಾಗಿರೋರನ್ನ ಆರಿಸಿ, ಸಂಬಳ ಕೊಟ್ಟು ಎರಡು ವರ್ಷ ಪ್ರೀ-ಮೆಡ್ ಓದಿಸಿ ಮೆಡಿಕಲ್ ಸ್ಕೂಲಿಗೆ ತಯಾರು ಮಾಡೋ ಪ್ರೋಗ್ರಾಮೂ 2014ರಿಂದ ಇದೆ, ಆದ್ರೆ ಸೀಟುಗಳು ಬೆರಳೆಣಿಕೆ.

ಎರಡನೇದು ಆರ್‌ಓಟಿಸಿ, ಅಕ್ಕನ ಮಗಳ ಕಣ್ಣಿರೋದು ಇದರ ಮೇಲೆ. ನಮ್ಮ ಎನ್‌ಸಿಸಿ ಥರ ಅಂತ ಭಾವ ತಕ್ಷಣ ಅಂದ್ರು, ಪೆರೇಡ್ ವಿಷಯದಲ್ಲಿ ಹೌದು, ಆದ್ರೆ ಎನ್‌ಸಿಸಿ ಸಿ ಸರ್ಟಿಫಿಕೇಟ್ ತಗೊಂಡು ಮನೆಗೆ ಹೋಗಬಹುದು, ಇಲ್ಲಿ ಸ್ಕಾಲರ್‌ಶಿಪ್ ತಗೊಂಡ್ರೆ ಮನೆಗೆ ಹೋಗೋಕಾಗಲ್ಲ. ಯೂನಿವರ್ಸಿಟೀಲಿ ಓದ್ತಾ ಓದ್ತಾನೇ ಆಫೀಸರ್ ಟ್ರೈನಿಂಗ್, ಟ್ಯೂಷನ್ ಫೀಸು ಅವರದ್ದು, ಆರ್ಮೀಲಾದ್ರೆ ಪುಸ್ತಕಕ್ಕೆ ವರ್ಷಕ್ಕೆ 1,200, ಕೈಗೆ ತಿಂಗಳಿಗೆ 420 ಡಾಲರ್. ಮುಗಿದ ಮೇಲೆ ಒಟ್ಟು ಎಂಟು ವರ್ಷ ಸೈನ್ಯದಲ್ಲಿ ಸೇವೆ ಮಾಡಿ ತೀರಿಸೋ ಋಣ, ಸಾಮಾನ್ಯವಾಗಿ ಅದ್ರಲ್ಲಿ ನಾಲ್ಕು ವರ್ಷ ಆಕ್ಟಿವ್, ಉಳಿದಿದ್ದು ಕರೆದಾಗ ಹೋಗೋ ರಿಸರ್ವ್. ಮೊದಲ ವರ್ಷ ಇಷ್ಟ ಆಗದಿದ್ರೆ ಬಿಟ್ಟು ಹೋಗಬಹುದು, ಎರಡನೇ ವರ್ಷದ ಕ್ಲಾಸ್ ಶುರುವಾಯ್ತು ಅಂದ್ರೆ ಸಿಕ್ಕಿಹಾಕ್ಕೊಂಡ ಹಾಗೆ, ಆಮೇಲೆ ಬಿಟ್ರೆ ದುಡ್ಡು ವಾಪಸ್ ಕಟ್ಟಬೇಕು ಇಲ್ಲಾ ಸಿಪಾಯಿಯಾಗಿ ಡ್ಯೂಟಿ ಮಾಡಬೇಕು.

ಮೆಡಿಕಲ್ ಸ್ಕೂಲ್ ಸೀಟ್ ಸಿಕ್ಕಿದೋರಿಗೆ ಡ್ಯೂಟಿ ಮುಂದಕ್ಕೆ ಹಾಕಿಸ್ಕೊಳ್ಳೋ ಅವಕಾಶ ಇದೆ, ಎಜುಕೇಷನಲ್ ಡಿಲೇ ಅಂತಾರೆ, ಆದ್ರೆ ಅದು ಅವರು ಕೊಟ್ರೆ ಉಂಟು, ನಾವು ಕೇಳಿದ್ದಕ್ಕೆ ಸಿಗಲ್ಲ. ಸೀಟ್ ಸಿಗಲಿಲ್ಲ ಅಂದ್ರೆ? 22ನೇ ವಯಸ್ಸಲ್ಲಿ ಲೆಫ್ಟಿನೆಂಟ್, ಆರ್ಮಿ ಯಾವ ಬ್ರಾಂಚಿಗೆ ಹಾಕುತ್ತೋ ಆ ಬ್ರಾಂಚು, ಟ್ರಕ್ಕುಗಳ ಲೆಕ್ಕ ಬರೆಯೋದೂ ಇರಬಹುದು ಫಿರಂಗಿ ಹಿಂದೆ ನಿಲ್ಲೋದೂ ಇರಬಹುದು. ನಮ್ಮವರು ಯಾರೂ ಈ ಸಾಲು ಓದಲ್ಲ, ನಮ್ಮ ಮಗು ತಾನೆ ಸಿಕ್ಕೇ ಸಿಗುತ್ತೆ ಅಂದ್ಕೋತಾರೆ.

ಇನ್ನೊಂದು ವಿಷಯ ಕಾಗದದಲ್ಲಿ ಬರಲ್ಲ, ಅನುಭವದಲ್ಲೇ ಗೊತ್ತಾಗೋದು. ಪ್ರೀ-ಮೆಡ್ ಅಂದ್ರೆ ಮಾರ್ಕ್ಸಿನ ಆಟ, ಆರ್ಗ್ಯಾನಿಕ್ ಕೆಮಿಸ್ಟ್ರೀಲಿ ಒಂದು ಸಿ ಬಂದ್ರೆ ಎರಡು ವರ್ಷ ಕಾಡುತ್ತೆ. ಅದರ ಜೊತೆ ವಾರಕ್ಕೆ ಮೂರು ದಿನ ಸೂರ್ಯ ಹುಟ್ಟೋಕೆ ಮುಂಚೆ ಪಿಟಿ, ಮಿಲಿಟರಿ ಸೈನ್ಸ್ ಕ್ಲಾಸು, ಲ್ಯಾಬು, ವೀಕೆಂಡ್ ಕಾಡಲ್ಲಿ ಕವಾಯತು. ಮೂರನೇ ವರ್ಷದ ಬೇಸಿಗೇಲಿ ಆರ್ಮಿ ಕೆಡೆಟ್‌ಗಳು ಕೆಂಟಕಿಯ ಫೋರ್ಟ್ ನಾಕ್ಸ್‌ಗೆ ಒಂದು ತಿಂಗಳಿಗೂ ಹೆಚ್ಚು ದೊಡ್ಡ ಕ್ಯಾಂಪಿಗೆ ಹೋಗ್ಲೇಬೇಕು, ಸರಿಯಾಗಿ ಅದೇ ಬೇಸಿಗೇಲೇ ಮೆಡಿಕಲ್ ಸ್ಕೂಲ್ ಅರ್ಜಿ ತೆರೆಯೋದು, ಬಾಕಿ ಮಕ್ಕಳು ಪ್ರಬಂಧ ತಿದ್ದುತ್ತಾ ಎಂಕ್ಯಾಟ್‌ಗೆ ಕೂತಿರೋವಾಗ ಇವರು ಮ್ಯಾಪು ಕಂಪಾಸು ಹಿಡ್ಕೊಂಡು ಕಾಡಲ್ಲಿ. ಮಾಡೋರು ಮಾಡ್ತಾರೆ, ಇಲ್ಲ ಅಂತಲ್ಲ. ಎಲ್ಲರ ಕೈಲೂ ಆಗಲ್ಲ.

ಮುಂದಿನ ವಾರ ಅವರೆಲ್ಲ ಇಲ್ಲಿಗೇ ಬಂದಿದ್ರು, ಮಧ್ಯಾಹ್ನ ಬಿಸಿಬೇಳೆಬಾತ್ ಆದ ಮೇಲೆ ಹಳೇ ಕ್ಯಾಲೆಂಡರ್ ಹಾಳೆ ಹರಿದು ಹಿಂಬದೀಲಿ ಒಂದು ಉದ್ದ ಗೆರೆ ಎಳೆದು ಅದರ ಮೇಲೆ ವಯಸ್ಸು ಬರೀ ಅಂದೆ. ಅವಳೇ ಬರೆದ್ಲು. 18ರಿಂದ 22 ಆರ್‌ಓಟಿಸಿ, 22ರಿಂದ 26 ಮೆಡಿಕಲ್ ಸ್ಕೂಲ್ ಅದೂ ಮಿಲಿಟರಿ ಸ್ಕಾಲರ್‌ಶಿಪ್‌ನಲ್ಲಿ, 26ರಿಂದ 30 ರೆಸಿಡೆನ್ಸಿ. ಋಣ ತೀರಿಸೋದು ಶುರುವಾಗೋದು ಯಾವಾಗ ಅಂತ ಕೇಳಿದೆ. "ಇಪ್ಪತ್ತಾರು?" ಅಂದ್ಲು. ಅಲ್ಲ, ರೆಸಿಡೆನ್ಸಿ ವರ್ಷ ಲೆಕ್ಕಕ್ಕೆ ಬರಲ್ಲ, ಮೂವತ್ತಕ್ಕೆ ಶುರು. ಡಿಗ್ರಿಯ ನಾಲ್ಕು, ಮೆಡಿಕಲ್‌ದು ನಾಲ್ಕು, ಎರಡೂ ಒಟ್ಟಿಗೆ ತೀರಲ್ಲ, ಒಂದಾದ ಮೇಲೊಂದು. ಪೆನ್ನು 38ರ ಹತ್ತಿರ ಹೋಗಿ ನಿಂತಿತು. ಅಕ್ಕ ಕನ್ನಡಕ ಹಾಕ್ಕೊಂಡು ಹಾಳೆ ಎತ್ತಿ ನೋಡಿ, "ಅಂದ್ರೆ ಮದುವೆ ಗಿದುವೆ ಎಲ್ಲಿ ಬರೋದು ಇದ್ರಲ್ಲಿ" ಅಂದ್ಲು, ಅವಳ ಮಗಳು ಕಣ್ಣು ಮೇಲೆ ಮಾಡಿದ್ಲು.

ಅದೇ ಹಾಳೇಲಿ ಕೆಳಗೆ ಇನ್ನೊಂದು ಗೆರೆ, ಡಿಗ್ರಿ ಸ್ವಂತ ದುಡ್ಡಲ್ಲಿ, ಮೆಡಿಕಲ್ ಮಾತ್ರ ಮಿಲಿಟರೀದು. ಆಗ 34ಕ್ಕೆ ಮುಗೀತು. ನಾಲ್ಕು ವರ್ಷ ವ್ಯತ್ಯಾಸ, ಅದೂ ತಜ್ಞ ಡಾಕ್ಟರಾಗಿ ಹೊರಗೆ ಚೆನ್ನಾಗಿ ದುಡಿಯೋ ವಯಸ್ಸಿನ ನಾಲ್ಕು ವರ್ಷ. ಡಿಗ್ರಿ ಫೀಸು ಉಳಿಸೋಕೆ ಕೊಡ್ತಿರೋ ಬೆಲೆ ಇದು. ಇನ್-ಸ್ಟೇಟ್ ಅಂದ್ರೆ ನಮ್ಮ ರಾಜ್ಯದ್ದೇ ಸರ್ಕಾರಿ ಯೂನಿವರ್ಸಿಟೀಲಿ, ಮೊದಲೆರಡು ವರ್ಷ ಕಮ್ಯುನಿಟಿ ಕಾಲೇಜಲ್ಲಿ ಮಾಡಿದ್ರಂತೂ ಇನ್ನೂ ಕಮ್ಮಿಗೆ ಮುಗಿಯೋ ಡಿಗ್ರಿಗೆ ಇಷ್ಟು ತೆರೋದು ನನಗಂತೂ ದುಬಾರಿ ಅನ್ಸುತ್ತೆ. ಕಮ್ಯುನಿಟಿ ಕಾಲೇಜ್ ಅಂದ್ರೆ ನಮ್ಮವರು ಮೂಗು ಮುರೀತಾರೆ, ನಾಲ್ಕು ಜನಕ್ಕೆ ಏನಂತ ಹೇಳೋದು ಅಂತ, ಸರಿ ಅದು ಬೇರೆ ರೋಗ.

ಮೂರನೇದೇ ನಿಜವಾಗಿ ಎಎಫ್‌ಎಂಸಿ ಥರ ಇರೋದು, ಇದು 22ನೇ ವಯಸ್ಸಿನ ಮಾತು. 1970ರ ಸುಮಾರಿಗೆ ವಿಯೆಟ್ನಾಂ ಯುದ್ಧದ ಕೊನೇಲಿ ಅಮೆರಿಕದಲ್ಲಿ ಕಡ್ಡಾಯ ಸೇನಾಭರ್ತಿ ನಿಲ್ಲೋ ಸೂಚನೆ ಬಂತು, 1973ಕ್ಕೆ ನಿಂತೂ ಹೋಯ್ತು. ಅಲ್ಲಿವರೆಗೂ ಡಾಕ್ಟರುಗಳನ್ನೂ ಹಿಡಿದು ಹಾಕ್ತಿದ್ರು, 1950ರಿಂದ ಡಾಕ್ಟರುಗಳಿಗೇ ಬೇರೆ ಡ್ರಾಫ್ಟ್ ಇತ್ತು. ಅದು ನಿಂತ್ರೆ ಸೈನ್ಯಕ್ಕೆ ಡಾಕ್ಟರ್ ಎಲ್ಲಿಂದ ತರೋದು ಅಂತ 1972ರಲ್ಲಿ ಒಂದು ಕಾನೂನು ಮಾಡಿದ್ರು, ಲೂಸಿಯಾನದ ಸಂಸದ ಎಡ್ವರ್ಡ್ ಎಬೇರ್ ಅದರ ಹಿಂದೆ ಬಿದ್ದು ಮಾಡಿಸಿದ್ದು. ಆ ಒಂದು ಕಾನೂನಿಂದ ಎರಡು ದಾರಿ ಹುಟ್ಟಿದ್ವು. ಒಂದು ಮಿಲಿಟರಿಯದ್ದೇ ಸ್ವಂತ ಮೆಡಿಕಲ್ ಸ್ಕೂಲ್, ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿ, ಯೂನಿಫಾರ್ಮ್ಡ್ ಸರ್ವಿಸಸ್ ಯೂನಿವರ್ಸಿಟಿ, ಮೊದಲ ಬ್ಯಾಚ್ 1980ಕ್ಕೆ ಹೊರಬಂತು. ಇನ್ನೊಂದು ಅಮೆರಿಕದ ಯಾವ ಮೆಡಿಕಲ್ ಸ್ಕೂಲಲ್ಲಿ ಬೇಕಾದ್ರೂ ಓದಿ ನಾವು ದುಡ್ಡು ಕೊಡ್ತೀವಿ ಅನ್ನೋ ಸ್ಕಾಲರ್‌ಶಿಪ್, ಎಚ್‌ಪಿಎಸ್‌ಪಿ.

ಬೆಥೆಸ್ಡಾದಲ್ಲಿ ಫೀಸೇ ಇಲ್ಲ, ಸೇರಿದ ದಿನದಿಂದ ಆಫೀಸರ್, ಪೂರ್ತಿ ಸಂಬಳ, ಬಾಡಿಗೆ ಭತ್ಯೆ, ಗಂಡ ಹೆಂಡತಿ ಮಕ್ಕಳಿಗೂ ಆರೋಗ್ಯ ವಿಮೆ. ಋಣ ಏಳು ವರ್ಷ, ರೆಸಿಡೆನ್ಸಿ ಬಿಟ್ಟು. ಎಚ್‌ಪಿಎಸ್‌ಪೀಲಿ ಟ್ಯೂಷನ್ ಪೂರ್ತಿ, ಪುಸ್ತಕ ಸ್ಟೆತಸ್ಕೋಪು ಎಲ್ಲ ಅವರದ್ದು, ತಿಂಗಳಿಗೆ 2,700 ಡಾಲರ್‌ಗೂ ಮೇಲೆ ಸ್ಟೈಪೆಂಡ್, ನಾಲ್ಕು ವರ್ಷಕ್ಕೆ ಸೈನ್ ಹಾಕಿದ್ರೆ 20 ಸಾವಿರ ಬೋನಸ್, ವರ್ಷಕ್ಕೆ 45 ದಿನ ಡ್ಯೂಟಿ ಆ ದಿನಗಳಿಗೆ ಆಫೀಸರ್ ಸಂಬಳ. ಋಣ ವರ್ಷಕ್ಕೆ ವರ್ಷ, ನಾಲ್ಕಕ್ಕೆ ನಾಲ್ಕು.

ಇಲ್ಲೊಂದು ಸೂಕ್ಷ್ಮ ಇದೆ, ನನ್ನ ಕೇಳಿದ್ರೆ ಇಡೀ ಲೆಕ್ಕದ ಗಂಟು ಇದೇ. ಫೀಸು ಎಷ್ಟೇ ಇರ್ಲಿ ಋಣ ಅಷ್ಟೇ ನಾಲ್ಕು ವರ್ಷ. ವರ್ಷಕ್ಕೆ 70 ಸಾವಿರ ಕೇಳೋ ಖಾಸಗಿ ಕಾಲೇಜಲ್ಲಿ ಓದಿದೋನೂ ನಾಲ್ಕು ವರ್ಷ ಕೊಡ್ತಾನೆ, ನಮ್ಮ ಟೆಕ್ಸಾಸಿನ ಸರ್ಕಾರಿ ಮೆಡಿಕಲ್ ಸ್ಕೂಲಲ್ಲಿ ವರ್ಷಕ್ಕೆ 20 ಸಾವಿರ ಆಸುಪಾಸಿಗೆ ಓದಿದೋಳೂ ನಾಲ್ಕು ವರ್ಷ ಕೊಡ್ತಾಳೆ. ಒಬ್ಬ ನಾಲ್ಕು ವರ್ಷಕ್ಕೆ 2 ಲಕ್ಷ 80 ಸಾವಿರದ ಫೀಸು ಬಿಡಿಸ್ಕೊಂಡ, ಇನ್ನೊಬ್ಬಳು 80 ಸಾವಿರದ್ದು. ಟೆಕ್ಸಾಸಲ್ಲಿ ಸರ್ಕಾರಿ ಮೆಡಿಕಲ್ ಸ್ಕೂಲ್‌ಗಳು ಹತ್ತರಲ್ಲಿ ಒಂಬತ್ತು ಸೀಟು ಈ ರಾಜ್ಯದವರಿಗೇ ಕೊಡ್ಬೇಕು ಅನ್ನೋ ನಿಯಮ ಇರೋದ್ರಿಂದ ಇಲ್ಲಿನ ಮಕ್ಕಳಿಗೆ ಅಗ್ಗದ ಸೀಟಿನ ಅವಕಾಶ ಚೆನ್ನಾಗೇ ಇದೆ, ಹೊಸ 2 ಲಕ್ಷದ ಸಾಲದ ಮಿತಿಯೊಳಗೆ ಇಲ್ಲಿನ ಫೀಸು ಸರಾಗವಾಗಿ ಹೊಂದುತ್ತೆ. ಅದಕ್ಕೇ ಸೀಟು ಕೈಗೆ ಬರೋವರೆಗೂ ಈ ವ್ಯಾಪಾರ ಲಾಭವೋ ನಷ್ಟವೋ ಅಂತ ಲೆಕ್ಕ ಹಾಕೋಕೇ ಆಗಲ್ಲ.

ಯಾವ ಸ್ಪೆಷಾಲಿಟಿ ಅನ್ನೋದೂ ಅಷ್ಟೇ. ಮಕ್ಕಳ ಡಾಕ್ಟರ್, ಫ್ಯಾಮಿಲಿ ಡಾಕ್ಟರ್ ಆಗೋದಾದ್ರೆ ಮಿಲಿಟರಿ ಸಂಬಳಕ್ಕೂ ಹೊರಗಿನ ಸಂಬಳಕ್ಕೂ ಅಂತರ ಕಮ್ಮಿ, ಸಾಲ ಇಲ್ಲದ್ದು ಪೂರ್ತಿ ಲಾಭ. ಮೂಳೆ ಡಾಕ್ಟರೋ ಹೃದಯದ ಸರ್ಜನ್ನೋ ಆದ್ರೆ ಆ ನಾಲ್ಕು ವರ್ಷದಲ್ಲಿ ಹೊರಗೆ ದುಡೀಬಹುದಾಗಿದ್ದ ದುಡ್ಡು ಫೀಸನ್ನೆಲ್ಲ ನುಂಗಿ ನೀರು ಕುಡಿಯುತ್ತೆ. ಆದ್ರೆ 22ಕ್ಕೆ ಯಾರಿಗೆ ಗೊತ್ತಿರುತ್ತೆ ಏನಾಗ್ತೀವಿ ಅಂತ. ಮಿಲಿಟರಿ ರೆಸಿಡೆನ್ಸೀಲಿ ಕ್ಯಾಪ್ಟನ್ ಸಂಬಳ ಸಿಗೋದ್ರಿಂದ ಹೊರಗಿನ ರೆಸಿಡೆಂಟ್‌ಗಿಂತ ಕೈತುಂಬ ಇರುತ್ತೆ ಅನ್ನೋದನ್ನೂ ಈ ಕಡೆ ತಕ್ಕಡೀಲಿ ಹಾಕ್ಕೋಬೇಕು.

ತಕ್ಕಡಿಗೆ ಹಾಕೋಕಾಗದ್ದು ರೆಸಿಡೆನ್ಸಿ ಆಯ್ಕೆ. ಹೊರಗಿನವರಿಗೆ ಯಾವ ಊರು ಯಾವ ವಿಭಾಗ ಅಂತ ಮಾರ್ಚಲ್ಲಿ ಗೊತ್ತಾಗುತ್ತೆ, ಮಿಲಿಟರಿಯವರಿಗೆ ಡಿಸೆಂಬರಲ್ಲೇ, ಮೊದಲು ಮಿಲಿಟರಿ ಆಸ್ಪತ್ರೆಗಳಿಗೇ ಹಾಕಬೇಕು. ಆ ವರ್ಷ ಸೈನ್ಯಕ್ಕೆ ಎಷ್ಟು ಚರ್ಮದ ಡಾಕ್ಟರ್ ಬೇಕು ಅಂತ ಸೈನ್ಯ ಹೇಳುತ್ತೆ, ಬೇಡ ಅಂದ್ರೆ ಬೇಡ. ಕೆಲವರಿಗೆ ಒಂದು ವರ್ಷ ಇಂಟರ್ನ್‌ಶಿಪ್ ಆದ ತಕ್ಷಣ ಜನರಲ್ ಮೆಡಿಕಲ್ ಆಫೀಸರ್ ಅಂತ ಯಾವುದೋ ಹಡಗಿಗೋ ಯಾವುದೋ ಪಡೆಗೋ ಎರಡು ಮೂರು ವರ್ಷ ಕಳಿಸ್ತಾರೆ, ನೇವೀಲಿ ಇದು ಜಾಸ್ತಿ, ವಾಪಸ್ ಬಂದು ಮತ್ತೆ ರೆಸಿಡೆನ್ಸಿಗೆ ಅರ್ಜಿ. ಕೆಲವರು ಅದನ್ನೇ ಜೀವನದ ಒಳ್ಳೇ ವರ್ಷ ಅಂತಾರೆ, ಕೆಲವರು ಅದರ ಹೆಸರೆತ್ತಿದ್ರೆ ಮುಖ ಕಿವುಚುತ್ತಾರೆ.

ಇನ್ನು ನಮ್ಮವರದ್ದೇ ಆದ ಕೆಲವು ವಿಷಯ, ಇದನ್ನ ರಿಕ್ರೂಟರ್ ಹೇಳಲ್ಲ, ಅವನಿಗೆ ಗೊತ್ತೂ ಇರಲ್ಲ.

ಪೌರತ್ವ ಮೊದಲನೇದು. ಆರ್‌ಓಟಿಸಿ ಸ್ಕಾಲರ್‌ಶಿಪ್, ಎಚ್‌ಪಿಎಸ್‌ಪಿ, ಬೆಥೆಸ್ಡಾ ಎಲ್ಲದಕ್ಕೂ ಅಮೆರಿಕದ ಸಿಟಿಜನ್ ಆಗಿರಲೇಬೇಕು. ಗ್ರೀನ್ ಕಾರ್ಡ್ ಇದ್ರೆ ಸಿಪಾಯಿ ಆಗಬಹುದು, ಆಫೀಸರ್ ಆಗೋಕಾಗಲ್ಲ. ಅಪ್ಪ ಅಮ್ಮನ ಕೆಲಸದ ವೀಸಾ ಜೊತೆ ಬಂದು ಎಚ್-4 ವೀಸಾದಲ್ಲಿರೋ ಮಕ್ಕಳಿಗೆ ಯಾವುದೂ ಇಲ್ಲ, ಅಪ್ಪನ ಗ್ರೀನ್ ಕಾರ್ಡ್ ಕ್ಯೂ ಮುಗಿಯೋಕೆ ಮುಂಚೆ ಅವರಿಗೆ 21 ತುಂಬಿ ಅದೂ ಹೋಗುತ್ತೆ. ಗ್ರೀನ್ ಕಾರ್ಡ್ ಇಲ್ಲದೇ ಇದ್ರೂ ಭಾಷೆ ಗೊತ್ತಿರೋರನ್ನ, ಡಾಕ್ಟರ್ ನರ್ಸ್‌ಗಳನ್ನ ತಗೊಳ್ತಿದ್ದ ಮಾವ್ನಿ ಅಂತ ಒಂದು ಪ್ರೋಗ್ರಾಮ್ ಇತ್ತು, ನಮ್ಮ ದೇಶದ ಎಷ್ಟೋ ಹುಡುಗರು ಅದರಲ್ಲಿ ಸೇರಿ ಸಿಟಿಜನ್ ಆದ್ರು, 2016ಕ್ಕೆ ಅದು ನಿಂತಿತು. ಇನ್ನೂ ಇದೆ ಅಂತ ವಾಟ್ಸಾಪಲ್ಲಿ ಓಡಾಡೋ ಮೆಸೇಜ್ ನಂಬ್ಬೇಡಿ.

ಎರಡನೇದು ಕೇಳಿ ಅಕ್ಕನಿಗೆ ನಿಜವಾಗ್ಲೂ ಶಾಕ್ ಆಯ್ತು. ಓಸಿಐ ಕಾರ್ಡ್, ಬೇರೆ ದೇಶದ ಪೌರತ್ವ ಇರೋ ಭಾರತ ಮೂಲದವರು ವೀಸಾ ಇಲ್ಲದೇ ಊರಿಗೆ ಬಂದುಹೋಗೋ ಕಾರ್ಡು. ಭಾರತ ಸರ್ಕಾರದ ಓಸಿಐ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದೆ, ಬೇರೆ ದೇಶದ ಸೈನ್ಯದಲ್ಲಿ ಇರೋರಿಗೆ, ಇದ್ದು ನಿವೃತ್ತಿ ಆದವರಿಗೂ, ಓಸಿಐ ಕೊಡಲ್ಲ. ಮಗು ಹುಟ್ಟಿದಾಗ ಮಾಡಿಸಿದ ಕಾರ್ಡ್ ಇದ್ರೆ ಮುಂದೆ ಏನು ಅಂತ ಸೈನ್ ಹಾಕೋಕೆ ಮುಂಚೆ ಕಾನ್ಸುಲೇಟಿಗೆ ಬರೆದು ಕೇಳ್ಕೊಳ್ಳೋದು ವಾಸಿ. ಹಾಸನದಲ್ಲಿ ಅಜ್ಜಿಗೆ ಹುಷಾರಿಲ್ಲ ಅಂತ ಫೋನ್ ಬಂದಾಗ ರಾತ್ರೋರಾತ್ರಿ ಟಿಕೆಟ್ ಮಾಡಿ ಹೊರಡೋದು ನಮಗೆಲ್ಲ ಅಭ್ಯಾಸ ಆಗಿಹೋಗಿದೆ, ಸೈನ್ಯದಲ್ಲಿದ್ರೆ ಮೊದಲು ರಜ ಮಂಜೂರು, ಹೊರದೇಶಕ್ಕೆ ಹೋಗೋಕೆ ಅನುಮತಿ, ಆಮೇಲೆ ವೀಸಾ, ಆಮೇಲೆ ಟಿಕೆಟ್. ಸೆಕ್ಯೂರಿಟಿ ಕ್ಲಿಯರೆನ್ಸ್ ಫಾರ್ಮಲ್ಲಿ ಊರಲ್ಲಿ ಯಾರ ಜೊತೆ ಹತ್ತಿರದ ಸಂಪರ್ಕ ಇದೆ, ನಿಮ್ಮ ಹೆಸರಲ್ಲಿ ಸೈಟು ತೋಟ ಏನಾದ್ರೂ ಇದೆಯಾ ಎಲ್ಲ ಬರೀಬೇಕು. ಪ್ರೀತಿಗೆ ಮೊಮ್ಮಗಳ ಹೆಸರಿಗೆ ತಾತ ಬರೆದಿಟ್ಟ ಮೂವತ್ತು ನಲವತ್ತರ ಸೈಟು ಪೆಂಟಗನ್ ಫಾರ್ಮಲ್ಲಿ ಬರೋದು ಅಂದ್ರೆ ತಮಾಷೆ ಅಲ್ವಾ. ಅದರಿಂದ ಕ್ಲಿಯರೆನ್ಸ್ ತಪ್ಪಿಹೋಗುತ್ತೆ ಅಂತಲ್ಲ, ಮುಚ್ಚಿಟ್ರೆ ತೊಂದರೆ.

ಮೂರನೇದು ಇನ್ಹೇಲರ್. 13 ವರ್ಷ ಆದ ಮೇಲೆ ಆಸ್ತಮಾ ಇತ್ತು ಅಂದ್ರೆ ಸೈನ್ಯಕ್ಕೆ ಅನರ್ಹ, ವೇವರ್ ಅಂದ್ರೆ ವಿನಾಯ್ತಿ ಕೇಳಬೇಕು, ಕೊಟ್ರೆ ಕೊಟ್ರು. ಎಡಿಎಚ್‌ಡಿ ಮಾತ್ರೆ ತಗೊಂಡಿದ್ರೂ ಪ್ರಶ್ನೆ ಬರುತ್ತೆ. ಮೊದಲೆಲ್ಲ ಹೇಳದೇ ಇದ್ರೆ ನಡೀತಿತ್ತು, 2022ರಿಂದ ಭರ್ತಿ ಕೇಂದ್ರಗಳಿಗೆ ಬಂದಿರೋ ಹೊಸ ಕಂಪ್ಯೂಟರ್ ವ್ಯವಸ್ಥೆ ಹೊರಗಿನ ಆಸ್ಪತ್ರೆ ಫಾರ್ಮಸಿ ದಾಖಲೆಗಳನ್ನೂ ಎಳೆದು ತೋರಿಸುತ್ತೆ. ಸೀಡರ್ ಪರಾಗ ಹಾರೋ ಈ ಊರಲ್ಲಿ ಡಿಸೆಂಬರ್ ಜನವರೀಲಿ ಎಷ್ಟು ಮಕ್ಕಳಿಗೆ ಇನ್ಹೇಲರ್ ಬರ್ಕೊಡ್ತಾರೆ ಅಂತ ಇಲ್ಲಿರೋರಿಗೆ ಗೊತ್ತು.

ಯೂನಿಫಾರ್ಮ್ ಅಂದ ಮಾತ್ರಕ್ಕೆ ಬಂದೂಕೇ ಆಗಬೇಕಿಲ್ಲ ಅಂತ ಭಾವ ಮಧ್ಯದಲ್ಲಿ ಒಂದು ಮಾತು ಹೇಳಿದ್ರು, ಅದು ಸರಿ. ಮಂಡ್ಯದ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ ಎರಡು ಸಲ ಅಮೆರಿಕದ ಸರ್ಜನ್ ಜನರಲ್ ಆದವರು, ವೈಸ್ ಅಡ್ಮಿರಲ್ ದರ್ಜೆಯ ಸಮವಸ್ತ್ರದಲ್ಲಿ ಅವರ ಫೋಟೋ ನಮ್ಮ ಪೇಪರುಗಳಲ್ಲೆಲ್ಲ ಬಂದಿತ್ತು. ಅದು ಪಬ್ಲಿಕ್ ಹೆಲ್ತ್ ಸರ್ವಿಸ್, ಸಮವಸ್ತ್ರ ಇದೆ ಆದ್ರೆ ಸೈನ್ಯ ಅಲ್ಲ. ಅವರು ಓದಿನ ಖರ್ಚಿಗೆ ಆ ದಾರಿ ಹಿಡಿದವರಲ್ಲ, ಆದ್ರೆ ಬೆಥೆಸ್ಡಾದಲ್ಲಿ ಅಂಥ ಸೇವೆಗೆ ಅಂತಲೂ ಕೆಲವು ಸೀಟಿದೆ. ಇನ್ನು ಯಾವ ಸಮವಸ್ತ್ರವೂ ಬೇಡ ಅನ್ನೋರಿಗೆ, ಸರ್ಕಾರಿ ಇಲ್ಲಾ ನಾನ್-ಪ್ರಾಫಿಟ್ ಆಸ್ಪತ್ರೇಲಿ ಕೆಲಸ ಮಾಡ್ತಾ 120 ಕಂತು ಕಟ್ಟಿದ್ರೆ ಉಳಿದ ಸರ್ಕಾರಿ ಸಾಲ ಮನ್ನಾ ಅನ್ನೋ ಸ್ಕೀಮಿದೆ, ಅಲ್ಲಿ ರೆಸಿಡೆನ್ಸಿ ವರ್ಷಗಳೂ ಲೆಕ್ಕಕ್ಕೆ ಬರುತ್ತೆ, ಮಿಲಿಟರೀಲಿ ಬರದೇ ಇದ್ದಿದ್ದು.

ಊರಿಂದ ನಮ್ಮ ಸೋದರಮಾವ ವಿಡಿಯೋ ಕಾಲಲ್ಲಿ ಇದೆಲ್ಲ ಕೇಳಿಸ್ಕೊಂಡು, ನಮ್ಮಲ್ಲಿ ಅಗ್ನಿವೀರ್ ಆದೋರಿಗೆ ಹಿಂಗೆ ಓದಿಸ್ತಾರಾ ಅಂದ್ರು. ಇಲ್ಲ, 2022ರಿಂದ ಇರೋ ಅಗ್ನಿಪಥದಲ್ಲಿ ನಾಲ್ಕು ವರ್ಷ ಆದ ಮೇಲೆ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಕೈಗೆ ಬರುತ್ತೆ, ನಾಲ್ಕರಲ್ಲಿ ಒಬ್ಬರವರೆಗೆ ಒಳಗೇ ಉಳೀತಾರೆ, ಖಾಸಗಿ ಮೆಡಿಕಲ್ ಕಾಲೇಜಿನ ಫೀಸಿಗೆ ಆ ದುಡ್ಡು ಒಂದು ವರ್ಷಕ್ಕೂ ಸಾಲೋದು ಕಷ್ಟ. ಊರಲ್ಲಿ ಸೈನ್ಯದ ಮೂಲಕ ಡಾಕ್ಟರ್ ಆಗೋರಿಗೆ ಎಎಫ್‌ಎಂಸಿನೇ ದಾರಿ.

ಇಷ್ಟೆಲ್ಲ ಹೇಳಿ ನಾನು ಗೆದ್ದೆ ಅಂದ್ಕೊಂಡಿದ್ದೆ. ಸೀಟು ಮೊದಲು, ಸೈನು ಆಮೇಲೆ, 22ಕ್ಕೆ ಕಾಲೇಜ್ ಫೀಸು ಕೈಲಿಟ್ಕೊಂಡು ಲೆಕ್ಕ ಹಾಕಿ ಬೇಕಾದ್ರೆ ಹೋಗು ಅಂದೆ. ಅವಳು ಹಾಳೆ ಮಡಚುತ್ತಾ, "ಚಿಕ್ಕಮ್ಮ, ಇದೆಲ್ಲ ದುಡ್ಡಿಗೆ ಸರಿ, ಆದ್ರೆ ನಂಗೆ ಅದೇ ಇಷ್ಟ ಇದ್ರೆ? ದುಡ್ಡು ಕೊಡದೇ ಇದ್ರೂ ಹೋಗ್ತೀನಿ ಅನ್ನೋಷ್ಟು ಇಷ್ಟ ಇದ್ರೆ?" ಅಂದ್ಲು. ನನ್ನ ಹತ್ರ ಉತ್ತರ ಇರಲಿಲ್ಲ, ಯಾಕಂದ್ರೆ ಆ ಮಗುವಿಗೆ ಈ ಲೆಕ್ಕ ಯಾವುದೂ ನಾಟಲ್ಲ, ನಾಟಬೇಕಾಗೂ ಇಲ್ಲ. 38 ಅನ್ನೋ ನಂಬರ್ ನನಗೆ ಜೈಲ್ ಥರ ಕಂಡಿತ್ತು, ಅವಳಿಗೆ ಕೆಲಸದ ಥರ ಕಂಡಿತ್ತು.

ಕೊನೆಗೆ ಒಂದು ಮಧ್ಯದ ದಾರಿ ಸಿಕ್ತು. ಸ್ಕಾಲರ್‌ಶಿಪ್ ತಗೊಳ್ಳದೇ, ಕಾಂಟ್ರ್ಯಾಕ್ಟ್ ಸೈನ್ ಮಾಡದೇನೂ ಆರ್ಮಿ ಆರ್‌ಓಟಿಸಿಯ ಮೊದಲೆರಡು ವರ್ಷದ ಕ್ಲಾಸಿಗೆ ಸೇರಬಹುದು, ಋಣ ಏನೂ ಇಲ್ಲ, ಪಿಟಿ ಮಾಡ್ತಾ ಆರ್ಗ್ಯಾನಿಕ್ ಕೆಮಿಸ್ಟ್ರಿ ಓದೋಕಾಗುತ್ತಾ ಅಂತ ಮೈಗೇ ಗೊತ್ತಾಗುತ್ತೆ. ಇನ್-ಸ್ಟೇಟ್ ಯೂನಿವರ್ಸಿಟಿಗೆ ಹೋಗಿ ಒಂದು ಸೆಮಿಸ್ಟರ್ ಹಾಗೆ ನೋಡ್ತೀನಿ ಅಂತ ಒಪ್ಪಿದ್ಲು. ಭಾವನಿಗೆ ಸಮಾಧಾನ, ಅರ್ಧ. ಅಕ್ಕ ಡಬ್ಬಿಗೆ ಉಳಿದ ಬಿಸಿಬೇಳೆಬಾತ್ ತುಂಬ್ಕೊಳ್ತಾ ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದ್ಲು, "ಅಲ್ಲ ಕಣೆ, ಬೆಳಿಗ್ಗೆ ಐದೂವರೆಗೆ ಪಿಟಿ ಅಂತೀಯ, ಹಾಸ್ಟೆಲಲ್ಲಿ ಇವಳನ್ನ ಎಬ್ಬಿಸೋರು ಯಾರು?"